ಕೆಂಪು ದೀಪ ಹತ್ತದ ಹನ್ನೊಂದು ನಿಮಿಷ

ರಾತ್ರಿ ಹನ್ನೊಂದೂವರೆಗೆ ಶಿವಕುಮಾರಿಯ ಹೆಡ್‌ಫೋನಿನಲ್ಲಿ 'ಟಕ್' ಎಂದು ಒಂದು ಸಣ್ಣ ಸದ್ದಾಯಿತು.

ಬೊರಿವಲಿಯ ಆ ಚಿಕ್ಕ ಮನೆಯಲ್ಲಿ ಅವ್ವ ಹನುಮವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತಿದ್ದ ಶಿವಕುಮಾರಿ ಫೈಲನ್ನು ಹಿಂದಕ್ಕೆಳೆದು ಮತ್ತೊಮ್ಮೆ ಕೇಳಿದಳು. ಟಕ್. ಅನುಮಾನವೇ ಇರಲಿಲ್ಲ. ಅದು ಕಾಲಡಿಯ ಪೆಡಲ್ ಒತ್ತಿದ ಸದ್ದು.

ಗೋರೆಗಾಂವ್‌ನ ಡಬ್ಬಿಂಗ್ ಸ್ಟುಡಿಯೋ ಒಂದಕ್ಕೆ ಅವಳು ರೆಕಾರ್ಡಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದಳು. ಹಿಂದಿ ಸೀರಿಯಲ್‌ಗಳಿಗೆ ಕನ್ನಡದ ದನಿ ಕೂರಿಸುವ ಸ್ಟುಡಿಯೋ ಅದು. ರೆಕಾರ್ಡಿಂಗ್ ಶುರು ಮಾಡಲು ಅದರಲ್ಲಿ ನಾಲ್ಕು ದಾರಿ: ಪರದೆಯ ಮೇಲಿನ ಬಟನ್, ಮೆನುವಿನಲ್ಲಿ ಒಂದು ಸಾಲು, ಕೀಬೋರ್ಡಿನ ಒಂದು ಕೀ, ಮತ್ತು ಮೇಜಿನ ಕೆಳಗಿನ ಪೆಡಲ್. ಯಾವುದನ್ನು ಒತ್ತಿದರೂ ಗಾಜಿನ ಆಚೆ, ಕಲಾವಿದರ ಬೂತ್‌ನಲ್ಲಿ ಕೆಂಪು ದೀಪ ಹತ್ತಬೇಕು. ದೀಪ ಉರಿಯುತ್ತಿದ್ದರೆ ಮೈಕ್ ಕೇಳಿಸಿಕೊಳ್ಳುತ್ತಿದೆ ಎಂದರ್ಥ. ಆ ದೀಪವನ್ನು ನಂಬಿಯೇ, ಅದು ಆರಿದ್ದಾಗ, ಅಲ್ಲಿ ಜನ ಕೆಮ್ಮುತ್ತಾರೆ, ನಗುತ್ತಾರೆ, ಮನೆಯ ಸುದ್ದಿ ಮಾತಾಡುತ್ತಾರೆ.

ಈ ಫೈಲ್ ಕಳಿಸಿದವನು ಅಲ್ಲಿಯ ರೆಕಾರ್ಡಿಸ್ಟ್ ಗುರುಪಾದ. ಜೊತೆಗೊಂದು ಮೆಸೇಜು: "ಮೇಡಂ, ಗುರುವಾರ ನಾ ಏನೂ ರೆಕಾರ್ಡ್ ಮಾಡಿಲ್ಲ, ಲೈಟೂ ಹತ್ತಿಲ್ಲ. ಹನ್ನೊಂದು ನಿಮಿಷದ ಫೈಲ್ ತಾನ ಹುಟ್ಟೈತಿ. ನಿಮ್ಮ ಸಾಫ್ಟ್‌ವೇರಿಗೆ ದೆವ್ವ ಹಿಡದೈತಿ. ಬಂದು ನೋಡ್ರಿ."

ಎರಡು ತಿಂಗಳಲ್ಲಿ ಅದು ಅವನ ಒಂಬತ್ತನೆಯ ಕಂಪ್ಲೇಂಟ್. ಅಕ್ಷರ ಸಣ್ಣದಾಯಿತು, ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಪರದೆಯ ಪಟ್ಟಿ ನಿಧಾನ ಜಾರುತ್ತದೆ ಎಂದು ಏನಾದರೊಂದು. ಇವನಿಗೆ ತನ್ನ ಕೆಲಸದ ಮೇಲೆ ನಂಬಿಕೆಯೇ ಇಲ್ಲ ಎಂದು ಶಿವಕುಮಾರಿ ಲೆಕ್ಕ ಹಾಕಿಬಿಟ್ಟಿದ್ದಳು.

ಫೈಲ್ ಮುಂದಕ್ಕೆ ಓಡಿತು. ಕುರ್ಚಿ ಸರಿದ ಸದ್ದು, ತೆರೆದೇ ಬಿಟ್ಟಿದ್ದ ಬೂತ್‌ನ ಬಾಗಿಲಿನತ್ತ ಬರುವ ಚಪ್ಪಲಿಯ ಸದ್ದು. ಆಮೇಲೆ ಗುರುಪಾದನ ದನಿ: "ತಗೋರಿ ವಾರಿಜಕ್ಕಾ, ಚಾ."

ವಾರಿಜಾ ಅಲ್ಲಿಯ ಹಿರಿಯ ಕಲಾವಿದೆ, ಮಂಗಳೂರಿನ ಕಡೆಯವರು. ಸೀರಿಯಲ್‌ಗಳ ಅತ್ತೆಯರಿಗೆಲ್ಲ ಅವರದೇ ದನಿ. "ಆ ಹುಡುಗಿ ಬಂದು ಹೋದ ಮೇಲೆ ನಿನಗೆ ಎಂತ ಆಗ್ತದೆ ಮಾರಾಯಾ? ಇವತ್ತು ಮೂರು ಸಲ ತಪ್ಪು ಸೀನ್ ಹಾಕಿದೆ."

"ಯಾ ಹುಡುಗಿ ಅಕ್ಕಾ?"

"ಹೌದಾ? ಯಾವ ಹುಡುಗಿಯಾ? ಅಕ್ಷರ ಸಣ್ಣ ಆಯ್ತು ಅಂತ ಬೊರಿವಲಿಯಿಂದ ಕರೆಸಿದೆಯಲ್ಲ, ಅವಳು. ಕಣ್ಣು ಸರಿ ಇಲ್ವಾ ನಿಂಗೆ?"

ಗುರುಪಾದ ನಕ್ಕ. ಆ ನಗೆಯನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. "ಕಣ್ಣು ಚಂದ ಅದಾವ ಅಕ್ಕಾ. ಏನರ ಕೆಟ್ಟೈತಿ ಅಂದ್ರ ಆಕಿ ಬರ್ತಾಳ. ಎಲ್ಲಾ ಸರಿ ಐತಿ ಅಂದ್ರ ಯಾಕ ಬಂದಾಳು? ಆ ಮೇಜಿನ ಮುಂದ ಕೂತು ಹುಬ್ಬು ಗಂಟು ಹಾಕಿ ನೋಡ್ತಾಳಲ್ಲ, ಆವಾಗ ನನಗ ಮಾತ ಬರಂಗಿಲ್ಲ."

"ಹಾಗಾದ್ರೆ ಹೇಳುದು ಯಾವಾಗ?"

ಶಿವಕುಮಾರಿಯ ಬೆರಳು ತಾನಾಗಿ ಹೋಗಿ ಫೈಲನ್ನು ನಿಲ್ಲಿಸಿತು. ಮೂರು ನಿಮಿಷ ಎಂಟು ಸೆಕೆಂಡ್. ಉತ್ತರ ಅಲ್ಲೇ, ಮುಂದಿನ ಉಸಿರಿನಲ್ಲೇ ಇತ್ತು. ಆದರೆ ಅದು ತನಗಾಗಿ ಆಡಿದ ಮಾತಲ್ಲ. ಇಷ್ಟು ಕೇಳಿದ್ದೇ ಹೆಚ್ಚಾಯಿತು ಎಂದುಕೊಂಡು ಹೆಡ್‌ಫೋನ್ ತೆಗೆದಳು. ಕಿವಿ ಸುಡುತ್ತಿದ್ದವು.

ಬೆಳಿಗ್ಗೆ ಅವಳು ಕೋಡ್ ತೆರೆದಾಗ ತಪ್ಪು ಎರಡೇ ನಿಮಿಷದಲ್ಲಿ ಸಿಕ್ಕಿತು, ಮತ್ತು ಅದು ತನ್ನದೇ ಆಗಿತ್ತು. ರೆಕಾರ್ಡ್ ಮಾಡುವ ಸೂಚನೆಗಳನ್ನು ನಾಲ್ಕು ಕಡೆ ನಾಲ್ಕು ಸಲ ಬರೆದಿದ್ದಳು. ಕೊನೆಯಲ್ಲಿ ಅವಸರದಿಂದ ಸೇರಿಸಿದ ಪೆಡಲ್‌ಗೆ ಬರೆಯುವಾಗ ಒಂದು ಸಾಲು ಬಿಟ್ಟುಹೋಗಿತ್ತು. ದೀಪ ಹಚ್ಚುವ ಸಾಲು.

ಅಷ್ಟರಲ್ಲಿ ಅವಳ ಕಂಪನಿಯ ಮ್ಯಾನೇಜರ್ ಅಮೋಲ್ ಫೋನ್ ಮಾಡಿದ. ಅವನದು ಮರಾಠಿ ಬೆರೆತ ಅವಸರದ ಹಿಂದಿ. ದೆವ್ವದ ಫೈಲಿನ ಸುದ್ದಿ ಅವನಿಗೂ ಮುಟ್ಟಿತ್ತು. ತಪ್ಪು ಸರಿಮಾಡಿ, ಆ ಫೈಲನ್ನು ರಿಪೋರ್ಟಿಗೆ ಲಗತ್ತಿಸಬೇಕು. ಸೋಮವಾರ ಸ್ಟುಡಿಯೋ ಮಾಲೀಕರ ಎದುರು ಅದನ್ನು ಕೇಳಿಸಿ ವಿವರಿಸುವುದು. ಅಲ್ಲಿಗೆ ಈ ಕೆಲಸ ಮುಗಿಯಿತು, ಇನ್ನು ಆ ಸ್ಟುಡಿಯೋಗೆ ಹೋಗುವ ಅಗತ್ಯವಿಲ್ಲ.

"ಫೈಲ್ ಜರೂರ್ ಲಗಾನಾ," ಎಂದು ಎರಡು ಸಲ ಹೇಳಿ ಇಟ್ಟ.

ಶಿವಕುಮಾರಿ ಫೋನ್ ಹಿಡಿದು ನಿಂತೇ ಇದ್ದಳು. ಮಾಲೀಕರು ಕೇಳಿದರೆ? ಸುಳ್ಳು ಕಂಪ್ಲೇಂಟ್ ಕೊಟ್ಟು ಹುಡುಗಿಯನ್ನು ಕರೆಸುತ್ತಿದ್ದನೆಂದು ಗುರುಪಾದನ ಬಾಯಿಂದಲೇ ಅವರು ಕೇಳುತ್ತಾರೆ. ಕೆಲಸ ಉಳಿಯುವುದಿಲ್ಲ. ಉಳಿದರೂ ನಾಲ್ಕು ಜನರೆದುರು ಅವನ ಮನಸ್ಸನ್ನು ಸ್ಪೀಕರಿನಲ್ಲಿ ಹಾಕಿದಂತಾಗುತ್ತದೆ. ತಾನು ಬಿಟ್ಟ ಒಂದು ಸಾಲಿಗೆ ಅವನೇಕೆ ಬೆಲೆ ತೆರಬೇಕು?

ಆ ಫೈಲ್ ಹೋಗುವುದಿಲ್ಲ. ಬೇರೆ ಪುರಾವೆ ತಯಾರಾಗಬೇಕು. ಹೇಗೆಂದು ಯೋಚಿಸುತ್ತ ಅವಳು ಇಸ್ತ್ರಿ ಮಾಡಿದ ಹಸಿರು ಕುರ್ತಾ ಹಾಕಿಕೊಂಡಳು. ಲೋಕಲ್ ರೈಲಿನಲ್ಲಿ ಬೊರಿವಲಿಯಿಂದ ಗೋರೆಗಾಂವ್‌ವರೆಗೆ ನಿಂತೇ ಹೋದಳು. ಇಳಿಯುವ ಹೊತ್ತಿಗೆ ಏನು ಮಾಡಬೇಕೆಂಬುದು ಸ್ಪಷ್ಟವಾಗಿತ್ತು.

ಶನಿವಾರ ಮಧ್ಯಾಹ್ನ. ವಾರಿಜಾ ಊಟಕ್ಕೆ ಹೋಗಿದ್ದರು. ಗುರುಪಾದ ಒಬ್ಬನೇ ಮೇಜಿನ ಮುಂದಿದ್ದ. ಅವಳನ್ನು ಕಂಡದ್ದೇ ಎದ್ದು ನಿಂತ, ಮತ್ತೆ ಕೂತ, ಮತ್ತೆ ಎದ್ದ.

"ಬರ್ರಿ ಮೇಡಂ. ದೆವ್ವ ಬಿಡಸಾಕ ಬಂದ್ರೇನು?"

"ದೆವ್ವ ನನ್ನದ ರೀ. ನಾನ ಸಾಕೀನಿ."

ಅವನು ತಬ್ಬಿಬ್ಬಾದ. ಎಂಟು ಸಲ ಬಂದಾಗಲೂ ಈಕೆ ಹೀಗೆ ಮಾತಾಡಿದವಳಲ್ಲ. ಶಿವಕುಮಾರಿಯೂ ಇಂದು ಅವನನ್ನು ಬೇರೆಯಾಗಿ ನೋಡುತ್ತಿದ್ದಳು. ಅಂಗಿಯ ತೋಳು ಮೊಣಕೈವರೆಗೆ ಮಡಚಿದ್ದ. ಎರಡೂ ಮಡಿಕೆ ಸಮನಾಗಿರಲಿಲ್ಲ. ಅವಳ ಕುರ್ಚಿಯ ಹತ್ತಿರ ಫ್ಯಾನ್ ತಿರುಗಿಸಿ ಇಟ್ಟಿದ್ದ. ಪ್ರತಿ ಸಲವೂ ಹಾಗೆ ಇಟ್ಟಿರುತ್ತಿದ್ದನೇ? ಇದನ್ನು ತಾನು ಇಷ್ಟು ದಿನ ಏಕೆ ಗಮನಿಸಲಿಲ್ಲ?

"ಆ ಫೈಲ್ ನೀವು ಕೇಳಿದ್ರೇನು?" ಎಂದಳು.

"ಇಲ್ಲ. ಕೇಳಿ ಏನಂತ ಗೊತ್ತಾಗಿಬಿಟ್ಟಿದ್ರ ನೀವು..." ಅಷ್ಟಕ್ಕೆ ನಿಲ್ಲಿಸಿ ಕಿವಿ ಕೆರೆದುಕೊಂಡ. "ಖಾಲಿ ಇರ್ತೈತಿ ಅಂತ ಬಿಟ್ಟೆ ರೀ. ಲೈಟ ಹತ್ತಿಲ್ಲಲ್ಲ."

"ಒಂದು ಟೆಸ್ಟ್ ಮಾಡೂಣು. ನಾ ಬೂತ್‌ನ್ಯಾಗ ಹೋಗ್ತೀನಿ. ನಿಮ್ಮ ಸ್ಪೀಕರ್ ಬಂದ್ ಮಾಡ್ರಿ, ಹೆಡ್‌ಫೋನ್ ತಗೀರಿ. ನಾ ಕೈ ಎತ್ತಿದ ಕೂಡ್ಲೆ ಪೆಡಲ್ ಒತ್ತ್ರಿ. ಬಟನ್ ಅಲ್ಲ, ಪೆಡಲ್."

"ಸ್ಪೀಕರ್ ಬಂದ್ ಮಾಡಿದ್ರ ನೀವೇನು ಹೇಳ್ತೀರಿ ನನಗ ಕೇಳಸೂದಿಲ್ಲಲ್ರಿ."

"ಅದಕ್ಕ ಬಂದ್ ಮಾಡ್ರಿ ಅಂದೆ."

ಬೂತ್‌ನ ದಪ್ಪ ಬಾಗಿಲು ಮುಚ್ಚಿಕೊಂಡಿತು. ಒಳಗೆ ತನ್ನ ಉಸಿರು ತನಗೇ ಕೇಳುವಷ್ಟು ಮೌನ. ಅವಳು ಕೈ ಎತ್ತಿದಳು. ಗಾಜಿನ ಆಚೆ ಅವನ ಭುಜ ಸ್ವಲ್ಪ ಬಾಗಿತು. ದೀಪ ಹತ್ತಲಿಲ್ಲ. ಅವನು ಎರಡೂ ಕೈ ಅಗಲಿಸಿ, ನೋಡ್ರಿ, ಏನೂ ಆಗಲಿಲ್ಲ ಎಂಬಂತೆ ಸನ್ನೆ ಮಾಡಿದ.

ಶಿವಕುಮಾರಿ ಮೈಕಿನ ಹತ್ತಿರ ಹೋಗಿ ಮಾತಾಡತೊಡಗಿದಳು. ಅವನ ಕಣ್ಣು ಅವಳ ತುಟಿಯ ಮೇಲಿತ್ತು, ಒಂದಕ್ಷರವೂ ಸಿಗದೆ ಹುಬ್ಬು ಗಂಟಿಕ್ಕಿತ್ತು. ಒಂದೂವರೆ ನಿಮಿಷ. ಮತ್ತೆ ಕೈ ಎತ್ತಿ, ಪೆಡಲ್ ಒತ್ತಿಸಿ ಹೊರಬಂದಳು.

"ಈಗ ಫೋಲ್ಡರ್ ತಗೀರಿ."

ಅಲ್ಲೊಂದು ಹೊಸ ಫೈಲ್ ಇತ್ತು.

ಗುರುಪಾದ ಅದನ್ನೇ ದಿಟ್ಟಿಸಿದ. "ಅಂದ್ರ ಲೈಟ್ ಹತ್ತಿಲ್ಲ ಅಂದ್ರೂ... ಪೆಡಲ್ ಒತ್ತಿದ್ರ..." ಅವನ ಕಾಲು ಮೇಜಿನ ಕೆಳಗೆ ನಿಧಾನವಾಗಿ ಹಿಂದೆ ಸರಿಯಿತು. ಚಹಾ ಒಯ್ಯಲು ಎದ್ದಾಗ ತುಳಿದದ್ದು ನೆನಪಾಗಿರಬೇಕು. "ಗುರುವಾರ... ಯವ್ವಾ! ಅದನ್ನ ನಿಮಗ ನಾನ ಕಳಿಸೀನಿ!"

"ಹನ್ನೊಂದು ನಿಮಿಷ ಇತ್ತು. ನಾ ಮೂರು ಕೇಳೀನಿ. ತಪ್ಪಾತು. ಅಕ್ಕ 'ಹೇಳುದು ಯಾವಾಗ' ಅಂದ್ರಲ್ಲ, ಅಲ್ಲಿಗೆ ನಿಲ್ಲಿಸಿದೆ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ದನಿ ಬಂತು: "ನೀವು ಹೋಗ್ರಿ ಮೇಡಂ. ನಾ ಇಲ್ಲೇ ಈ ಮೇಜಿನ ಕೆಳಗ ಇರ್ತೀನಿ."

"ಮೊದಲ ಈ ಫೈಲ್ ಕೇಳ್ರಿ. ನಿಮ್ಮದು ನಾ ಕೇಳಿದೆ. ನನ್ನದು ನೀವು ಕೇಳಿದ್ರ ಸರಿಗೆ ಸರಿ."

ಅವನು ಹೆಡ್‌ಫೋನ್ ಹಾಕಿಕೊಂಡ. ಶಿವಕುಮಾರಿ ಕಿಟಕಿಯ ಕಡೆ ತಿರುಗಿ ನಿಂತಳು. ತಾನು ಹೇಳಿದ್ದು ಅವಳಿಗೆ ಅಕ್ಷರ ಅಕ್ಷರ ನೆನಪಿತ್ತು.

'ಗುರುಪಾದ, ನಾ ಶಿವಕುಮಾರಿ. ನಿಮ್ಮ ಎಂಟು ಕಂಪ್ಲೇಂಟಿನ್ಯಾಗ ಏಳು ಫೋನಿನ್ಯಾಗ ಮುಗಿಯುವಂಥವು. ಅದು ನನಗ ಗೊತ್ತಿತ್ತು. ಆದರೂ ಬಂದೆ. ಮೊದಮೊದಲ ಸಿಟ್ಟಿಲೆ ಬಂದೆ, ನನ್ನ ಕೆಲಸದಾಗ ತಪ್ಪು ಹಿಡಿತಾನ ಅಂತ. ಆಮ್ಯಾಲ ಸಿಟ್ಟು ಇಳೀತು, ನಾ ಬರೂದು ನಿಲ್ಲಲಿಲ್ಲ. ಯಾಕ ಅಂತ ನನ್ನ ನಾ ಕೇಳಕೊಳ್ಳಾಕ ಅಂಜಿಕಿ ಆಗಿತ್ತು. ನಿನ್ನೆ ರಾತ್ರಿ ಕೇಳಕೊಂಡೆ. ನೀವು ಹೇಳಬೇಕಂತ ಮಾಡಿದ ಮಾತು ಯಾವುದಾದರೂ ಇದ್ರ, ನಾ ಹೂಂ ಅಂತೀನಿ. ಟೆಸ್ಟ್ ಮುಗೀತು.'

ಫೈಲ್ ಮುಗಿಯುವಷ್ಟು ಹೊತ್ತು ಕಳೆಯಿತು. ತಿರುಗಿದಾಗ ಅವನು ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದ, ಕಣ್ಣು ಒದ್ದೆ, ಬಾಯಿ ನಗುತ್ತಿತ್ತು.

"ಮುಗದೈತಿ, ತಗೀರಿ ಅದನ್ನ," ಎಂದಳು.

"ಎರಡನೇ ಸಲ ಕೇಳಾಕತ್ತೀನಿ ರೀ."

"ಸಾಕು! ಮೊದಲ ನನ್ನ ಕೆಲಸ. ಸರೀರಿ ಆ ಕಡೆ."

ಅವಳು ಕೋಡ್ ತೆರೆದು ಕುಳಿತಳು. ಅವನು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ. ಮುಟ್ಟುವಷ್ಟು ಹತ್ತಿರವಲ್ಲ, ಫ್ಯಾನಿನ ಗಾಳಿಗೆ ಅವಳ ದುಪಟ್ಟಾದ ತುದಿ ಅವನ ಮೊಣಕೈಗೆ ತಾಗುವಷ್ಟು. ಇಬ್ಬರೂ ಅದನ್ನು ಸರಿಸಲಿಲ್ಲ.

"ನಾಲ್ಕು ಕಡೆ ಬರದದ್ದನ್ನ ಅಳಸಾಕತ್ತೀನಿ," ಎಂದಳು. "ರೆಕಾರ್ಡ್ ಅನ್ನೂದನ್ನ ಇನ್ನ ಒಂದ ಕಡೆ ಬರೀತೀನಿ, ದೀಪ ಹಚ್ಚೂದೂ ಅದರಾಗ. ಬಟನ್, ಮೆನು, ಕೀ, ಪೆಡಲ್ ನಾಲ್ಕೂ ಅದನ್ನ ಕರೀತಾವು. ಮೈಕ್ ಬಂದ್ ಇದ್ರ ನಾಲ್ಕೂ ಒಮ್ಮೆಲೆ ಸುಮ್ಮನಾಗ್ತಾವು. ಒಂದು ಉಳೀತು, ಒಂದು ಮರೀತು ಅನ್ನೂ ಹಂಗಿಲ್ಲ."

"ನಮ್ಮ ಚಾಳ್‌ನ್ಯಾಗ ನೀರಿನ ಮೋಟರ್ ಇದ್ದಂಗ. ಸ್ವಿಚ್ ನಾಲ್ಕು ಮನ್ಯಾಗ, ಮೋಟರ್ ಒಂದ."

"ಹಾಂ. ಚಲೋ ತಿಳೀತದ ನಿಮಗ. ಅಕ್ಷರ ಅಷ್ಟ ಕಾಣೂದಿಲ್ಲ."

ಅವನು ಜೋರಾಗಿ ನಕ್ಕ. ನಿನ್ನೆ ರಾತ್ರಿ ಕೇಳಿದ ಅದೇ ನಗೆ, ಈ ಸಲ ಅವಳಿಗೆಂದೇ ನಕ್ಕದ್ದು.

ನಲವತ್ತು ನಿಮಿಷ ಬೇಕಾಯಿತು. ಆಮೇಲೆ ಗುರುಪಾದ ತಾನೇ ಎದ್ದು ಬೂತ್‌ನೊಳಗೆ ಹೋದ.

"ಯಾವುದನ್ನ ಒತ್ತಲಿ?" ಎಂದು ಅವಳು ಸ್ಪೀಕರ್ ಮತ್ತೆ ಹಾಕಿ, ಮೇಜಿನ ಮೈಕಿನಲ್ಲಿ ಕೇಳಿದಳು.

"ಯಾವುದನ್ನರ ಒತ್ತ್ರಿ. ಈಗ ಎಲ್ಲಾ ಒಂದ ಅಲ್ಲೇನು?"

ಅವಳು ಪೆಡಲ್ ತುಳಿದಳು. ಪರದೆಯ ಬಟನ್ ಕೆಂಪಾಯಿತು. ಮೆನುವಿನ ಸಾಲು 'ನಿಲ್ಲಿಸು' ಎಂದು ಬದಲಾಯಿತು. ಗಾಜಿನ ಆಚೆ ದೀಪ ಹತ್ತಿ, ಅವನ ಹಣೆ, ಮೂಗು, ಮಡಚಿದ ತೋಳು ಎಲ್ಲ ಕೆಂಪಗೆ ಬೆಳಗಿದವು.

"ಲೈಟ್ ಹತ್ತೈತಿ," ಎಂದ ಗುರುಪಾದ. "ಕೇಳಾಕತ್ತೀರಿ ಅಂತ ಗೊತ್ತಿದ್ದ ಹೇಳ್ತೀನಿ. ಅಕ್ಕ ಯಾವಾಗ ಹೇಳ್ತಿ ಅಂತ ಕೇಳಿದ್ರು. ಹತ್ತನೇ ಕಂಪ್ಲೇಂಟಿಗೆ ಹೇಳ್ತೀನಿ ಅಂದಿದ್ದೆ. ತಗೋರಿ ಹತ್ತನೇದು. ನೀವು ಬರ್ತೀರಿ, ಸರಿ ಮಾಡ್ತೀರಿ, ಸಂಜಿಕ ಹೊಂಟ ಹೋಗ್ತೀರಿ. ನೀವು ಹೋದ ಮ್ಯಾಲ ಈ ಸ್ಟುಡಿಯೋದಾಗ ನನಗ ಯಾರ ದನಿನೂ ಚಂದ ಕೇಳಸಂಗಿಲ್ಲ. ನಿಮ್ಮ ಮ್ಯಾಲ ನನಗ ಭಾಳ ಮನಸೈತಿ, ಶಿವಕುಮಾರಿ. ಇದಕ್ಕೇನರ ಮಾಡ್ರಿ."

ಅವಳು ಮೈಕಿನ ಹತ್ತಿರ ಬಾಗಿದಳು. "ನಾಳೆ ಐತವಾರ. ಮಾಟುಂಗದಾಗ ಇಡ್ಲಿ ತಿನ್ನೂಣು ಬರ್ರಿ. ನಮ್ಮವ್ವನ್ನೂ ಕರಕೊಂಡು ಬರ್ತೀನಿ."

"ಅವ್ವಾರನ್ನ? ಮೊದಲ ದಿನಾನ?"

"ಯಾಕ, ಅಂಜಿಕಿ ಆತೇನು?"

"ಆತು ರೀ. ಆದರೂ ಕರಕೊಂಡ ಬರ್ರಿ."

ಆಮೇಲೆ ಅಮೋಲ್‌ಗೆಂದು ಹಳೆಯ ಸಾಫ್ಟ್‌ವೇರಿನಲ್ಲಿ ಪೆಡಲ್ ತುಳಿದು ಇನ್ನೊಂದು ಫೈಲ್ ಮಾಡಿದರು. ಅದರಲ್ಲಿ ಗುರುಪಾದ ಒಂದರಿಂದ ಹತ್ತರವರೆಗೆ ಎಣಿಸುತ್ತಾನೆ, ಏಳರ ಹತ್ತಿರ ಯಾರೋ ಕಿಸಕ್ಕೆಂದದ್ದು ಸಣ್ಣಗೆ ಕೇಳುತ್ತದೆ, ಅಷ್ಟೆ. ತಪ್ಪು ತನ್ನದೆಂದು ಶಿವಕುಮಾರಿ ರಿಪೋರ್ಟಿನಲ್ಲಿ ಮೊದಲ ಸಾಲಿನಲ್ಲೇ ಬರೆದು, ಆ ಎಣಿಕೆಯನ್ನು ಲಗತ್ತಿಸಿ ಕಳಿಸಿದಳು. ಉಳಿದ ಮೂರು ಫೈಲುಗಳನ್ನು, ತನ್ನ ಲ್ಯಾಪ್‌ಟಾಪಿನ ಪ್ರತಿಯನ್ನೂ ಸೇರಿಸಿ, ಇಬ್ಬರೂ ಕೂಡಿಯೇ ಅಳಿಸಿದರು.

ಸಂಜೆ ಮನೆಗೆ ಬಂದಾಗ ಹನುಮವ್ವ ರೊಟ್ಟಿ ತಟ್ಟುತ್ತಿದ್ದಳು. ಮಗಳ ಮುಖವನ್ನು ಒಮ್ಮೆ ನೋಡಿ ಕೈ ನಿಲ್ಲಿಸಿದಳು. "ಏನಾತವ್ವಾ? ಒಬ್ಬಾಕೀನ ನಗಾಕತ್ತಿ."

"ನಾಳೆ ಮಾಟುಂಗಕ್ಕ ಹೋಗೂಣು ಯವ್ವಾ. ಒಬ್ಬರನ್ನ ತೋರಸ್ತೀನಿ."

ಹನುಮವ್ವ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಯಾರವ? ಹೆಂಗ ಪರಿಚಯ? ಅಂವಗ ನಿನ್ನ ಮ್ಯಾಲ ಮನಸೈತಿ ಅಂತ ನಿನಗ ಹೆಂಗ ಗೊತ್ತಾತು?"

ಮೊದಲೆರಡು ಪ್ರಶ್ನೆಗೆ ಶಿವಕುಮಾರಿ ಕೂಡಲೇ ಉತ್ತರ ಕೊಟ್ಟಳು. ಹೆಸರು, ಊರು, ಕೆಲಸ, ಇಂಡಿ ಕಡೆಯ ಮಂದಿ ಎಂಬುದು. ಮೂರನೆಯದಕ್ಕೆ ಬಾಯಿ ತೆರೆದವಳು ತಡೆದಳು. ಅವನ ಆ ಮಾತು ಒಮ್ಮೆ ಕೇಳಬಾರದ ಕಿವಿಗೆ ಬಿದ್ದಿತ್ತು, ಆ ಕಿವಿ ತನ್ನದೇ ಆಗಿತ್ತು. ಇನ್ನೊಂದು ಕಿವಿಗೆ ಅದು ಹೋಗುವುದು ಬೇಡ. ಅವ್ವನಿಗೂ ಬೇಡ, ಅಮೋಲ್‌ಗೂ ಬೇಡ, ಮುಂದೆ ಎಂದಾದರೂ ಮಕ್ಕಳು ಕೇಳಿದರೆ ಅವರಿಗೂ ಬೇಡ.

"ಅಂವನ ಹೇಳಿದ ಯವ್ವಾ," ಎಂದು ಹೇಳಿ, ಕೈ ತೊಳೆದುಕೊಂಡು ರೊಟ್ಟಿ ಬೇಯಿಸಲು ಕುಳಿತಳು.