ಇಸ್ತ್ರಿ ಮೇಜಿನ ಮೇಲಿದ್ದ ಬಾಟಲಿ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಆಸ್ಪತ್ರೆಯ ವೈದ್ಯೆ ಠಾಣೆಗೆ ಫೋನ್ ಮಾಡಿದರು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನೊಬ್ಬನನ್ನು ಹೊತ್ತು ತಂದಿದ್ದರು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು.

"ಆರ್ಗನೋಫಾಸ್ಫೇಟ್ ಕೀಟನಾಶಕ," ಎಂದರು ವೈದ್ಯೆ. "ಯುದ್ಧದ ನರವಿಷಗಳೂ ಇದೇ ಕುಲದವು. ನರದ ಸಂದೇಶ ನಿಲ್ಲಿಸೋ ಕಿಣ್ವನೇ ಕೆಲಸ ಬಿಡುತ್ತೆ. ಸ್ನಾಯು ಅದುರಿ ಅದುರಿ ಸೋತು ಕೊನೆಗೆ ಉಸಿರು ನಿಲ್ಲುತ್ತೆ. ಕುಡೀಲೇಬೇಕಂತಿಲ್ಲ, ಚರ್ಮಕ್ಕೆ ತಾಗಿದ್ರೂ ಸಾಕು."

11.05ಕ್ಕೆ ಎಫ್‌ಐಆರ್ ದಾಖಲಾಯಿತು. 11.50ಕ್ಕೆ ಇನ್ಸ್‌ಪೆಕ್ಟರ್ ಜೊತೆ ಹೆಡ್ ಕಾನ್‌ಸ್ಟೇಬಲ್ ಪಂಚನಾಮೆಗೆಂದು ಲಾಂಡ್ರಿಗೆ ಹೋದಳು. ಠಾಣೆಯವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಹದಿನೆಂಟು ವರ್ಷದಲ್ಲಿ ಚಾಕು, ರಕ್ತ, ಹೆಣ ಎಲ್ಲ ಕಂಡವಳು. ಕಣ್ಣಿಗೆ ಕಾಣದ್ದಕ್ಕೆ ಹೆದರಿದ್ದು ಅಂದೇ ಮೊದಲು.

ಅವನು ಕೆಲಸ ಮಾಡುತ್ತಿದ್ದ ಕಿಟಕಿ ಪಕ್ಕದ ಇಸ್ತ್ರಿ ಮೇಜಿನಿಂದ ಅಕ್ಕ ನೀರು ಸಿಂಪಡಿಸುವ ಬಾಟಲಿಯನ್ನು ಎತ್ತಿದಳು. ಬಟ್ಟೆ ಮಡಚುತ್ತಿದ್ದ ಹಿರಿಯ ಕೆಲಸಗಾರ ಎದ್ದು ನಿಂತ.

"ಮೇಡಂ, ಅದನ್ನ ಕೆಳಗಿಡಿ. ಮೊದ್ಲು ಕೈ ತೊಳ್ಕೊಳ್ಳಿ."

ಅವಳ ಕೈಗವಸು ಮಣಿಕಟ್ಟಿನ ಬಳಿ ಹರಿದಿತ್ತು. ಒಳಗೆ ತಣ್ಣಗೆ ತೇವ. ಸೋಪು ಹಾಕಿ ಉಜ್ಜಿದಳು. ಅರ್ಧ ಗಂಟೆಯೊಳಗೆ ಮೂಗು ಸೋರಿತು, ಎದೆ ಬಿಗಿಯಿತು. ನಡುಹಗಲಲ್ಲಿ ಕೋಣೆಗೆ ಮಬ್ಬು ಕವಿದಂತಾಯಿತು.

"ಸಾರ್, ಲೈಟ್ ಆರಿಸಿದ್ರಾ?"

ಇನ್ಸ್‌ಪೆಕ್ಟರ್ ಅವಳನ್ನು ಜೀಪಿಗೆ ಹತ್ತಿಸಿದರು. ದಾರಿಯುದ್ದಕ್ಕೂ ಅಕ್ಕ ತನ್ನ ಉಸಿರನ್ನೇ ಎಣಿಸಿದಳು. ಒಂದು ತಪ್ಪಿದರೆ ಮಗಳನ್ನು ಶಾಲೆಯಿಂದ ಕರೆತರುವವರು ಯಾರು ಎಂಬುದೊಂದೇ ತಲೆಯಲ್ಲಿ.

ಆಸ್ಪತ್ರೆಯಲ್ಲಿ ಬಟ್ಟೆ ಕತ್ತರಿಸಿ ಮೈ ತೊಳೆದು, ಈ ವಿಷಕ್ಕೆ ಮದ್ದಾದ ಅಟ್ರೋಪಿನ್ ಚುಚ್ಚಿದರು. 1.30ರ ಹೊತ್ತಿಗೆ ಎದೆ ಸಡಿಲವಾಯಿತು.

"ಸಾರ್, ವಿಷ ಬಾಟಲೀಲಿದೆ ಅಂತ ನಮಗೆ ಗೊತ್ತಿತ್ತಾ?"

"ಇಲ್ಲ."

"ಮತ್ತೆ ಕೈ ತೊಳ್ಕೊಳ್ಳಿ ಅಂದವನಿಗೆ ಹೇಗೆ ಗೊತ್ತಾಯ್ತು?"

3.15ಕ್ಕೆ ಹಿರಿಯನನ್ನು ಬಂಧಿಸಿದರು. ಅವನು ಓಡಿರಲಿಲ್ಲ, ಅಂಗಿಗಳನ್ನು ಮಡಚುತ್ತಲೇ ಇದ್ದ. ಕೀಟನಾಶಕದ ಡಬ್ಬಿ ಅವನ ಚೀಲದಲ್ಲೇ ಸಿಕ್ಕಿತು.

"ಆ ಹುಡುಗ ಉಸಿರಾಡ್ತಿದಾನಾ?" ಎಂದು ಕೇಳಿದ.

"ಅವನ ಬದಲು ಯಂತ್ರ ಉಸಿರಾಡ್ತಿದೆ," ಎಂದರು ಇನ್ಸ್‌ಪೆಕ್ಟರ್.

ಸಂಜೆ ಅವರು ಹಿರಿಯನ ಹೇಳಿಕೆಯ ಪ್ರತಿಯನ್ನು ಆಸ್ಪತ್ರೆಗೆ ತಂದರು. ಔಷಧಿಯಿಂದ ಅಕ್ಕನಿಗೆ ಅಕ್ಷರ ಕಲಸಿಹೋಗುತ್ತಿದ್ದವು, ಹಾಗಾಗಿ ಅವರೇ ಓದಿದರು. ಇಪ್ಪತ್ತೆರಡು ವರ್ಷ ಆ ಮೇಜು ಹಿರಿಯನದಾಗಿತ್ತು. ಕಾಲರ್ ಸುಡುತ್ತಾನೆಂದು ಯಜಮಾನ ಅದನ್ನು ಹೊಸದಾಗಿ ಬಂದ ಆ ಹುಡುಗನಿಗೆ ಕೊಟ್ಟಿದ್ದ. ಎರಡು ವಾಂತಿಯಾದರೆ ಹೊಸಬ ಕೆಲಸ ಬಿಟ್ಟು ಹೋಗುತ್ತಾನೆ ಎಂದುಕೊಂಡು ಹಿರಿಯ ಬಾಟಲಿಗೆ ಅದನ್ನು ಬೆರೆಸಿದ್ದನಂತೆ.

"ಹೊಸಬನ ಮೇಲೆ ಅಷ್ಟೊಂದು ದ್ವೇಷಾನಾ ಸಾರ್?"

"ನಾನೂ ಕೇಳ್ದೆ. ಒಳ್ಳೆ ಹುಡುಗ ಅಂದ. 'ಮಾವ, ನಿಂತು ನಿಂತು ನಿಮ್ಮ ಕಾಲು ನೋಯುತ್ತೆ' ಅಂತ ಆ ಹುಡುಗನೇ ಇವನಿಗೆ ಕೂರೋಕೆ ಸ್ಟೂಲ್ ತಂದುಕೊಟ್ಟನಂತೆ. ಅದನ್ನೇ ತಡ್ಕೊಳ್ಳೋಕೆ ಆಗ್ಲಿಲ್ಲ ಅಂದ."