ಕಲಕು ನೋಡುವ ಕಣ್ಣು

ದೇವರು ಕೊಟ್ಟ ಎರಡು ಕಣ್ಣು ಎದುರಿಗಿರುವಾಗ ಭಾವ ಪೈಪಿಗೆ ಮೂರನೆಯದನ್ನು ಕೂರಿಸಿದ್ದು ಹದಗಾರನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಬಿಯರ್ ಕಾರ್ಖಾನೆ ಅಕ್ಕನ ಗಂಡನದು. ಹದ ನೋಡುವ ಕೆಲಸ ಮಾತ್ರ ಇವನದು. ಅದರಿಂದಲೇ ಹದಗಾರನೆಂಬ ಹೆಸರು ನಿಂತಿತ್ತು. ಹುದುಗುವಿಕೆ ಮುಗಿದ ಮೇಲೆ ಯೀಸ್ಟು ಟ್ಯಾಂಕಿನ ತಳಕ್ಕೆ ಇಳಿದು ಕೂರುತ್ತದೆ. ವಾಲ್ವು ತೆರೆದರೆ ಮೊದಲು ಬರುವುದು ಸತ್ತ ಗಸಿ, ಹಿಂದೆಯೇ ಕೆನೆಯಂಥ ಜೀವಂತ ಯೀಸ್ಟು, ಕೊನೆಗೆ ತೆಳುವಾಗುತ್ತ ಬಿಯರು. ನಡುವಿನದನ್ನಷ್ಟೇ ಮುಂದಿನ ಸಲಕ್ಕೆ ಹಿಡಿದಿಡಬೇಕು. ಪೈಪಿನ ಗಾಜಿನ ಕಿಂಡಿಗೆ ಮುಖವಿಟ್ಟು ಅವನು "ಹಿಡೀರಿ" ಎಂದರೆ ಹಿಡಿಯುತ್ತಿದ್ದರು, "ಸಾಕು" ಎಂದರೆ ನಿಲ್ಲಿಸುತ್ತಿದ್ದರು. ಈಗ ಪೈಪಿನೊಳಗೆ ಬೆಳಕು ಹಾಯಿಸಿ ಕಲಕು ಅಳೆಯುವ ಯಂತ್ರ ಬಂದು, ದಪ್ಪವೋ ತೆಳುವೋ ಅಂಕಿಯಲ್ಲಿ ಹೇಳಿ, ವಾಲ್ವನ್ನೂ ತಾನೇ ಮುಚ್ಚುತ್ತಿತ್ತು.

"ಅದರ ಮುಖ ನಾನು ನೋಡಲ್ಲ" ಎಂದು ಮುನಿಸಿಕೊಂಡವನು ಅಂದಿನಿಂದ ಯೀಸ್ಟು ಹಿಡಿಯುವ ಹೊತ್ತಿಗೆ ಆ ಕಡೆ ಸುಳಿದಿರಲಿಲ್ಲ.

"ಅದಕ್ಕೆ ಮುಖ ಎಲ್ಲಿದೆಯೋ, ಬರೀ ಕಣ್ಣು" ಎಂದು ಅಕ್ಕ ನಕ್ಕಿದ್ದಳು.

ಆ ನಗು ನಾಟಿತು. ಅವನ ಕಣ್ಣಿಗೆ ಪೊರೆ ಬಂದಿತ್ತು. ಕಿಂಡಿಯಾಚೆ ಎಲ್ಲವೂ ಒಂದೇ ಮಂಜು. ಇದು ತನಗೂ ದೇವರಿಗೂ ಮಾತ್ರ ಗೊತ್ತೆಂದುಕೊಂಡಿದ್ದ, ದೇವರು ಚಾಡಿ ಹೇಳುವವನಲ್ಲ. ಆದರೂ ಕೆಲಸ ಒಮ್ಮೆಯೂ ಕೆಟ್ಟಿರಲಿಲ್ಲ. ಪೈಪಿನಲ್ಲಿ ಹರಿಯುವ ಸದ್ದು ಕೇಳುತ್ತಲೇ ಮನಸ್ಸಿನಲ್ಲಿ ಪ್ರಾರ್ಥನೆ ಶುರುಮಾಡುತ್ತಿದ್ದ. ಅದು ಮುಗಿಯುವ ಹೊತ್ತಿಗೆ ಯೀಸ್ಟೂ ಮುಗಿದಿರುತ್ತಿತ್ತು. ಭಕ್ತಿಗೆ ಇಷ್ಟು ಉಪಯೋಗವಿದೆಯೆಂದು ಯಂತ್ರಕ್ಕೇನು ಗೊತ್ತು?

ಭಾವ ಕಿಂಡಿಯನ್ನೇ ತೆಗೆಸುವ ಮಾತೆತ್ತಿದ ದಿನ ಅವನು ನಿರ್ಧರಿಸಿದ. ಕಿಂಡಿ ಹೋದರೆ ಹದಗಾರನೂ ಹೋದಂತೆಯೇ.

"ತೆಗೆಯೋ ಮುಂಚೆ ಎಲ್ಲರೆದುರು ಒಂದ್ಸಲ ನಾನೂ ನೋಡ್ತೀನಿ ಭಾವ, ಅದೂ ನೋಡಲಿ."

"ಧಾರಾಳವಾಗಿ ನೋಡು" ಎಂದರು ಭಾವ.

ತುಟಿ ಒಡೆದಿದೆಯೆಂದು ಅಕ್ಕನ ಹತ್ತಿರ ಮುಲಾಮಿನ ಡಬ್ಬಿ ಇಸಿದುಕೊಂಡ. ಊಟದ ಬಿಡುವಿನಲ್ಲಿ, ಪೈಪು ಖಾಲಿಯಿದ್ದಾಗ, ಬಿಗಿಪಟ್ಟಿ ಸಡಿಲಿಸಿ, ಹೊರಗೆಳೆದ ಯಂತ್ರದ ಕಣ್ಣಿಗೆ ಬೆರಳ ತುದಿಯಿಂದ ತೆಳ್ಳಗೆ ಸವರಿದ. ಎಷ್ಟು ಹರಿದರೂ ಹೋಗದ ಜಿಡ್ಡು. ದೇವರು ತನ್ನ ಕಣ್ಣಿಗೆ ಮಾಡಿದ್ದನ್ನೇ ಅವನು ಅದರ ಕಣ್ಣಿಗೆ ಮಾಡಿದ. ಇನ್ನು ಅದಕ್ಕೆ ಕಂಡದ್ದೆಲ್ಲ ದಪ್ಪ. ಬಿಯರು ಬಂದರೂ ಯೀಸ್ಟೆಂದು ತುಂಬಿಸಿಕೊಳ್ಳುತ್ತಲೇ ಇರುತ್ತದೆ. ಆಗ ತಾನು ಕೈಯೆತ್ತಿ ತಡೆಯುವುದು. ಯಾರ ಮೈಗೂ ಗಾಯವಿಲ್ಲ, ಯಾರ ಗಂಟೂ ಹೋಗುವುದಿಲ್ಲ. ಇಷ್ಟು ಸಾತ್ವಿಕವಾದ ಅಪರಾಧ ಇನ್ನೊಂದಿರಲಾರದೆಂದು ಅವನಿಗೆ ಸಮಾಧಾನವೇ ಆಯಿತು.

ಮಧ್ಯಾಹ್ನ ಎಲ್ಲರೂ ಸೇರಿದರು. ಅಕ್ಕನೂ ಬಂದು ನಿಂತಳು. ಹದಗಾರ ಕಿಂಡಿಗೆ ಮುಖವಿಟ್ಟ. ಭಾವ ಗುಂಡಿ ಒತ್ತಿದರು, ಪೈಪು ಗುಳುಗುಳು ಎಂದಿತು, ಪ್ರಾರ್ಥನೆ ಶುರುವಾಯಿತು. ಓರೆಗಣ್ಣಿಗೆ ಯಂತ್ರದ ದೊಡ್ಡ ಕೆಂಪು ಅಂಕಿಯೊಂದೇ ಕಾಣುತ್ತಿತ್ತು. ಏರಿದ್ದು ಇಳಿಯಲೇ ಇಲ್ಲ. ಭಾವ ಹುಬ್ಬು ಗಂಟಿಕ್ಕಿ ಅಂಕಿಯನ್ನೇ ನೋಡುತ್ತಿದ್ದರು. ಪ್ರಾರ್ಥನೆಯ ಕೊನೆಯ ಪದ ಮುಗಿಯಿತು. ಹದಗಾರ ಕೈಯೆತ್ತಿದ.

"ನಿಲ್ಸಿ ಭಾವ. ಯಂತ್ರ ಇನ್ನೂ ಯೀಸ್ಟು ಅಂತಿದೆ. ನನ್ನ ಕಣ್ಣಾರೆ ನೋಡ್ತಿದೀನಿ, ಅದು ಆಗಲೇ ಮುಗೀತು. ಈಗ ಬರ್ತಿರೋದು ಒಳ್ಳೇ ಬಿಯರು."

ಭಾವ ಕಿಂಡಿಯತ್ತ ಬಗ್ಗಿ ನೋಡಿ, ಅವನ ಹೆಗಲ ಮೇಲೆ ಮೆತ್ತಗೆ ಕೈಯಿಟ್ಟರು. "ಟ್ಯಾಂಕಿನ ವಾಲ್ವು ಇನ್ನೂ ತೆಗೆದೇ ಇಲ್ಲ ಕಣಯ್ಯಾ. ಇದು ನೀರು. ಪ್ರತಿಸಲ ಯೀಸ್ಟು ಬಿಡೋಕೆ ಮುಂಚೆ ತಿಳಿನೀರು ಹರಿಸಿ, ಯಂತ್ರಕ್ಕೆ ಕಣ್ಣು ಸರಿಯಾಗಿ ಕಾಣ್ತಿದೆಯಾ ಅಂತ ನೋಡ್ಕೋತೀವಿ. ಇವತ್ತು ನಿಮ್ಮಿಬ್ಬರಿಗೂ ಕಾಣಲಿಲ್ಲ." ಅಕ್ಕ ನಗು ತಡೆದುಕೊಂಡು, ಮುಲಾಮಿನ ಡಬ್ಬಿಗಾಗಿ ಕೈ ಚಾಚಿದಳು.