ಗೀಜಗನ ಛಾಯೆ

ಗೀಜಗ ಯೋಚಿಸುತ್ತಿದ್ದ. ಪರದೆಯ ಮೇಲೆ ಅವನ ಕುರ್ಚಿಯ ಸುತ್ತ ಹೊತ್ತು ತೋರಿಸುವ ಹಸಿರು ಉಂಗುರವೊಂದು ಮೆಲ್ಲಗೆ ಕರಗುತ್ತಿತ್ತು. ಬಂದಿದ್ದ ಎಲೆಗಳು ಒಂದು ಎಂಟು, ಒಂದು ಮೂರು. ಪೋಕರ್‌ನಲ್ಲಿ ಇಂಥ ದರಿದ್ರ ಜೋಡಿಯನ್ನು ಯಾರೂ ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅವನು ಮಾತ್ರ ಎಲೆ ಮುಚ್ಚಿ ಆಟ ಬಿಟ್ಟುಕೊಡಲಿಲ್ಲ. ಉಂಗುರ ಇನ್ನೇನು ಮುಗಿಯಬೇಕು ಅನ್ನುವಾಗ ಹುಣಸೆಬೀಜದ ದೊಡ್ಡ ರಾಶಿಯನ್ನು ಮೇಜಿನ ನಡುವಿಗೆ ತಳ್ಳಿದ. ಎದುರಾಳಿ ಹೆದರಿ ಹಿಂದೆ ಸರಿದ.

"ಇವ್ನೇ! ಇವ್ನೇ ಕಣ್ರೀ!" ಎಂದಳು ಭೂಮಿಕಾ. "ಚಿಕ್ಕೋನಿದ್ದಾಗ ಹಾಲು ಕುಡುದ್ಯೇನೋ ಅಂದ್ರೆ ಹಿಂಗೇ ಸುಮ್ನಿದ್ದು ಸುಮ್ನಿದ್ದು, ಕೊನೇ ಗಳಿಗೇಲಿ ದೊಡ್ಡ ಸುಳ್ಳು ಬಿಡೋನು."

ಡಾಕ್ಟರ್ ನೇಸರ ಮೆಲ್ಲಗೆ ನಕ್ಕಳು. ತುಮಕೂರಿನ ಆ ಪ್ರಯೋಗಾಲಯದಲ್ಲಿ ಛಾಯೆಯನ್ನು ಕಂಡುಹಿಡಿದವಳು ಅವಳೇ. ಎದುರು ಕೂತಿದ್ದ ಭೂಮಿಕಾ ಐವತ್ತು ದಾಟಿದ ಹೆಂಗಸು, ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದವಳು. ಗೀಜಗ ಎಂಬ ಹೆಸರಿನಲ್ಲಿ ಆಡುತ್ತಿದ್ದ ಅವಳ ಮಗ ತನ್ಮಯ, ಮೆದುಳಿನ ರಕ್ತನಾಳ ಒಡೆದು ತೀರಿಕೊಂಡು ಆಗಲೇ ಒಂದು ಮಳೆಗಾಲ ಕಳೆದಿತ್ತು.

ಛಾಯೆ ಎಂದರೆ ದೆವ್ವ ಭೂತ ಏನಲ್ಲ. ಜಾಲದಲ್ಲಿ ಆಡುವವರ ಪ್ರತಿ ಆಟವೂ ಉಳಿದಿರುತ್ತದೆ: ಯಾವ ಎಲೆಗೆ ಎಷ್ಟು ಹೊತ್ತು ಯೋಚಿಸಿದ, ಯಾರ ಮುಂದೆ ಧೈರ್ಯ ಮಾಡಿದ, ಯಾರಿಗೆ ಹೆದರಿದ, ಎಲ್ಲವೂ. ಆ ಜಾಡನ್ನೆಲ್ಲ ಗಣಕಕ್ಕೆ ಉಣಿಸಿದರೆ, ಹೊಸ ಎಲೆ ಬಂದಾಗ ಆ ಮನುಷ್ಯ ಏನು ಮಾಡುತ್ತಿದ್ದನೋ ಅದನ್ನೇ ಅದು ಮಾಡುತ್ತದೆ. ಮಾತಾಡುವುದಿಲ್ಲ, ಅಮ್ಮಾ ಎಂದು ಕರೆಯುವುದಿಲ್ಲ, ಆಡುತ್ತದೆ ಅಷ್ಟೆ. ನೇಸರಳ ಜಾಣತನ ಇದ್ದದ್ದು ಇನ್ನೊಂದು ಕಡೆ. ಯಾವ ಮನುಷ್ಯನೂ ಎಲ್ಲರ ಜತೆ ಒಂದೇ ಥರ ಆಡುವುದಿಲ್ಲ ಎಂಬುದನ್ನು ಅವಳು ಹಿಡಿದಿದ್ದಳು. ಅದಕ್ಕೇ ಅವಳ ಛಾಯೆ ಎದುರಿಗೆ ಕೂತವರು ಯಾರೆಂದು ನೋಡಿಕೊಂಡು ಆಡುತ್ತಿತ್ತು.

ಈ ಛಾಯೆ ಬೇಕೆಂದು ಹಟ ಹಿಡಿದಿದ್ದವರು 'ಜಗಲಿ'ಯವರು. ಜಗಲಿ ಎಂಬುದು ನಾಡಿನ ಮೂಲೆಮೂಲೆಯ ಪೋಕರ್ ಹುಚ್ಚರು ಸೇರುತ್ತಿದ್ದ ಜಾಲತಾಣ. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಪಣಕ್ಕೆ ದುಡ್ಡಿಲ್ಲ, ಬರೀ ಹುಣಸೆಬೀಜ, ಅದೂ ಪರದೆಯ ಮೇಲಿನ ಚಿತ್ರ. ಹಾಗೆಂದು ಆಟದ ಬಿಸಿಯೇನೂ ಕಡಿಮೆ ಇರಲಿಲ್ಲ. ಗೀಜಗ ಅಲ್ಲಿಯ ಕಣ್ಮಣಿ. ಸುದ್ದಿ ಬಂದ ದಿನದಿಂದ ಅವರೊಂದು ಪದ್ಧತಿ ಹಿಡಿದಿದ್ದರು. ಅವನ ಖಾಲಿ ಕುರ್ಚಿಗೂ ಎಲೆ ಹಂಚುವುದು. ಅವನ ಸರದಿ ಬಂದಾಗ ಉಂಗುರ ಪೂರ್ತಿ ಕರಗುವ ತನಕ ಎಲ್ಲರೂ ತೆಪ್ಪಗೆ ಕಾಯುವುದು. ಆಟ ಆಮೆಯ ಹಾಗೆ ತೆವಳುತ್ತಿತ್ತು, ಆದರೂ ಒಬ್ಬರೂ ಬೇಸರಪಟ್ಟುಕೊಳ್ಳಲಿಲ್ಲ. 'ನಮ್ಮ ಗೀಜಗ ಯೋಚಿಸ್ತಿದಾನೆ' ಎಂದು ಬರೆದು ಅಳುತ್ತಿದ್ದರು.

ಆ 'ನಮ್ಮ' ಎಂಬ ಮಾತು ಓದಿದಾಗಲೆಲ್ಲ ಭೂಮಿಕಾಳ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು.

ಸುಮ್ಮನೆ ಬಣ್ಣ ಹಚ್ಚುವುದೇಕೆ, ಅದು ಅಸೂಯೆಯೇ. ಹೆತ್ತು ಹೊತ್ತು ಸಾಕಿದವಳು ಇವಳು. ಮನೆಯಲ್ಲಿ ಅವನ ಬಾಯಿಂದ ಬರುತ್ತಿದ್ದುದು "ಹೂಂ", "ಆಯ್ತು", "ಆಮೇಲೆ" ಮೂರೇ ಮಾತು. ಅದೇ ಹುಡುಗ ಜಗಲಿಯಲ್ಲಿ ಬೀದರಿನ ಮುದುಕನಿಗೆ ಮಂಡಿನೋವಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ, ಯಾರದೋ ಮಗುವಿಗೆ ಹೆಸರು ಹುಡುಕುತ್ತಿದ್ದ. ಆ ವ್ಯಾಯಾಮವನ್ನಾದರೂ ಅವನು ಕಲಿತದ್ದು ಯಾರನ್ನು ನೋಡಿ? ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವಳು ಗಂಡನ ಮುಂದೆ ಎಷ್ಟು ಸಲ ಗೊಣಗಿದ್ದಳೋ. ತಿಥಿಯ ದಿನ ಜಗಲಿಯವರು ಕೆಲವರು ಬಂದಿದ್ದರು. 'ಬೆಲ್ಲದಚ್ಚು' ಎಂಬ ಹೆಸರಿನಲ್ಲಿ ಆಡುತ್ತಿದ್ದ ಕಾರವಾರದ ಹುಡುಗಿಯೊಬ್ಬಳು ಡಬ್ಬಿ ತುಂಬ ಹಾಗಲಕಾಯಿ ಗೊಜ್ಜು ತಂದು, "ಅವ್ರಿಗೆ ಇದಂದ್ರೆ ಪ್ರಾಣ ಅಲ್ವಾ ಆಂಟಿ, ಎಡೆಗೆ ಇಡಿ" ಎಂದಳು. ತನ್ಮಯ ಮನೆಯಲ್ಲಿ ಹಾಗಲಕಾಯಿಯನ್ನು ಮುಟ್ಟುತ್ತಿರಲಿಲ್ಲ. ಮುಟ್ಟುವುದಿಲ್ಲ ಎಂದು ಭೂಮಿಕಾ ಮಾಡುತ್ತಲೂ ಇರಲಿಲ್ಲ. ಡಬ್ಬಿ ಈಸಿಕೊಂಡು ಎಡೆಗೇನೋ ಇಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅದು ಪೂರ್ತಿ ದುಃಖವಾಗಿರಲಿಲ್ಲ.

ಈಗ ಜಗಲಿಯವರಿಗೆ ಅವನ ಛಾಯೆ ಬೇಕು, ದಿನಾ ಸಂಜೆ, ಕಾಯಮ್ಮಾಗಿ. ಕಾನೂನಿನ ಪ್ರಕಾರ ಅದಕ್ಕೆ ಹೆತ್ತವರ ಒಪ್ಪಿಗೆ ಬೇಕಿತ್ತು. ಗಂಡ ಲಿಖಿತ್, "ನೀನು ಏನಂತೀಯೋ ಅದೇ ಭೂಮಿ" ಎಂದು ಕೈತೊಳೆದುಕೊಂಡಿದ್ದ. ಹಾಗಾಗಿ ಹೂಂ ಅನ್ನುವುದೂ ಉಹೂಂ ಅನ್ನುವುದೂ ಇವಳ ಕೈಯಲ್ಲೇ ಉಳಿದಿತ್ತು. ಇದ್ದಾಗ ಅವನನ್ನು ಕಿತ್ತುಕೊಂಡವರಿಗೆ ಸತ್ತ ಮೇಲೂ ಎತ್ತಿ ಕೊಡಬೇಕೇ?

"ಒಂದೇ ಒಂದು ತೊಂದ್ರೆ ಇದೆ ಆಂಟಿ," ಎಂದಳು ನೇಸರ, ಕುರ್ಚಿ ಹತ್ತಿರ ಎಳೆದುಕೊಂಡು. "ಎಲ್ಲರ ಜತೇನೂ ಸರಿಯಾಗೇ ಆಡತ್ತೆ. ಒಬ್ಬ ಆಟಗಾರರ ಮುಂದೆ ಮಾತ್ರ ಎಡವತ್ತೆ. ಗೆಲ್ಲೋ ಎಲೆ ಕೈಯಲ್ಲಿದ್ರೂ ಮುಚ್ಚಿ ಸೋತುಬಿಡತ್ತೆ. ಹಳೇ ಆಟಗಳಲ್ಲೇ ಹಂಗಿದ್ಯೋ, ನನ್ನ ಲೆಕ್ಕವೇ ತಪ್ಪೋ, ಇನ್ನೂ ಗೊತ್ತಾಗ್ತಿಲ್ಲ."

"ಯಾರ ಮುಂದೆ?"

"ನಮಗೆ ಹೆಸರು ಕೊಡಲ್ಲ ಆಂಟಿ. ಬರೀ ಗುರುತಿನ ಸಂಖ್ಯೆ ಇರತ್ತೆ."

ಭೂಮಿಕಾಳಿಗೆ ಹೆಸರು ಬೇಕಿರಲಿಲ್ಲ. ಹಾಗಲಕಾಯಿ ಗೊಜ್ಜಿನ ಡಬ್ಬಿ ಕಣ್ಣಮುಂದೆ ಬಂದಿತ್ತು. ಗೆಲ್ಲುವ ಎಲೆ ಮುಚ್ಚಿ ಸೋಲುತ್ತಿದ್ದನಂತೆ! ಮನೆಯಲ್ಲಿ ಟಿವಿಯ ರಿಮೋಟು ಕೂಡ ಬಿಟ್ಟುಕೊಡುತ್ತಿರಲಿಲ್ಲ ಮಹಾರಾಯ. "ಒಂದ್ಸಲ ಜಗಲೀಲಿ ಆಡ್ಸಿ ನೋಡಿ, ಪರೀಕ್ಷೆಗೆ. ಆಮೇಲೆ ಹೇಳ್ತೀನಿ," ಎಂದು ಎದ್ದಳು.

ನೇಸರಳಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಜಗಲಿಯಲ್ಲಿ ಭೂಮಿಕಾಳಿಗೂ ಒಂದು ಕುರ್ಚಿಯಿತ್ತು. 'ನಿಂಬೆಹುಳಿ' ಎಂದು ಹೆಸರಿಟ್ಟುಕೊಂಡು ಅವಳು ಕೆಲವು ವರ್ಷಗಳಿಂದ ಅಲ್ಲಿ ಆಡುತ್ತಿದ್ದಳು. ಈ ಹುಡುಗ ಅಲ್ಲಿ ಅದೇನು ನಗುತ್ತಾನೆ, ಯಾರ ಜತೆ ನಗುತ್ತಾನೆ ಎಂದು ನೋಡಲು ಹೋದವಳು ಅಲ್ಲೇ ಕೂತುಬಿಟ್ಟಿದ್ದಳು. ಅವಳ ಕೋಣೆಗೂ ಅವನ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರೆ ಕಿರ್ ಎನ್ನುವುದು ಇವಳಿಗೆ ಕೇಳುತ್ತಿತ್ತು. ಲಿಖಿತ್ ಒಮ್ಮೆ, "ಪಕ್ಕದ್ ರೂಮಲ್ಲಿರೋ ಮಗನ್ನ ನೋಡಕ್ಕೆ ಪ್ರಪಂಚ ಎಲ್ಲಾ ಸುತ್ಕೊಂಡ್ ಹೋಗ್ತೀಯಲ್ಲೇ! ಬಾಗಿಲು ತಟ್ಟಬಾರ್ದಾ?" ಎಂದು ನಕ್ಕಿದ್ದ. "ತಟ್ಟಿದ್ರೆ ಏನಂತಾನೆ? 'ಆಮೇಲೆ' ಅಂತಾನೆ. ಇಲ್ಲಾದ್ರೆ ಎದುರಿಗೆ ಕೂತಿರ್ತಾನೆ," ಎಂದಿದ್ದಳು ಇವಳು.

ಅವಳಿಗೆ ಒಂದು ಹೆಮ್ಮೆಯೂ ಇತ್ತು, ಗಂಡನಿಗೂ ಹೇಳದ್ದು. ಜಗಲಿಯಲ್ಲಿ ಯಾರಿಗೂ ಬಗ್ಗದ ಗೀಜಗನನ್ನು ಅವಳು ಆಗಾಗ ಸೋಲಿಸುತ್ತಿದ್ದಳು. ಸೋಲಿಸಿದ ಮರುದಿನ ಬೆಳಿಗ್ಗೆ ಬಿಸಿಬಿಸಿ ಅಕ್ಕಿರೊಟ್ಟಿ ತಟ್ಟುತ್ತ ಒಳಗೊಳಗೇ ಬೀಗುತ್ತಿದ್ದಳು. ಅವನು ಎಂದಿನಂತೆ ತಲೆ ತಗ್ಗಿಸಿಕೊಂಡು ತಿಂದು ಹೋಗುತ್ತಿದ್ದ. ಗುರುತು ಸಿಕ್ಕಿಲ್ಲ ಎಂದು ಅವಳಿಗೆ ಸಮಾಧಾನ.

ಭಾನುವಾರ ಮಧ್ಯಾಹ್ನ ಜಗಲಿ ತುಂಬಿಹೋಗಿತ್ತು. ಛಾಯೆ ಗೀಜಗನ ಕುರ್ಚಿಯಲ್ಲಿ ಕೂತು ಮೊದಲ ಬೀಜ ಒಡ್ಡಿತು. ಆಮೇಲೆ ಬೀದರಿನ ಮುದುಕ, 'ಹಳೇ ರೇಡಿಯೊ' ಎಂಬವರು, 'ಬಂದ್ಯಾ ತಮ್ಮಾ' ಎಂದು ಬರೆದರು. ಪರೀಕ್ಷೆಯಾದ್ದರಿಂದ ಛಾಯೆ ಮುಚ್ಚಿದ ಎಲೆಗಳನ್ನೂ ಆಟ ಮುಗಿದ ಮೇಲೆ ಎಲ್ಲರಿಗೂ ತೆರೆದು ತೋರಿಸಬೇಕೆಂದು ಗೊತ್ತುಮಾಡಿದ್ದರು. ನಿಂಬೆಹುಳಿಯೂ ತನ್ನ ಕುರ್ಚಿಯಲ್ಲಿ ಕೂತಿದ್ದಳು, ಕಣ್ಣೆಲ್ಲ ಬೆಲ್ಲದಚ್ಚಿನ ಮೇಲೆ.

ಬೆಲ್ಲದಚ್ಚು ಧೈರ್ಯ ಮಾಡಿ ಬೀಜ ಒಡ್ಡಿದಳು. ಛಾಯೆ ಅವಳನ್ನು ಹಿಂಡಿ ಹಿಪ್ಪೆ ಮಾಡಿತು. ಮತ್ತೊಮ್ಮೆ ಒಡ್ಡಿದಳು, ಮತ್ತೆ ಬೋಳಿಸಿಕೊಂಡಳು. ಭೂಮಿಕಾ ಒಬ್ಬಳೇ ಕೂತು ಕೈ ತಟ್ಟಿದಳು. "ಹಂಗೇ ಆಗ್ಬೇಕು! ಗೊಜ್ಜು ತರ್ತಾಳಂತೆ ಗೊಜ್ಜು!" ಹಾಗಾದರೆ ಮತ್ಯಾರು? ಮುದುಕನೇ? ಅವರನ್ನೂ ಛಾಯೆ ಬಿಡಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಸೋಲುತ್ತ ಹೋದರು. ಸೋತವರೆಲ್ಲ 'ನಮ್ಮ ಹುಡುಗನೇ' ಎಂದು ಖುಷಿಪಟ್ಟರು.

ಆಗ ಭೂಮಿಕಾಳಿಗೆ ಆಟಿನ್ ರಾಣಿ ಬಂತು, ಜತೆಗೆ ಕಳಾವರ್ ನಾಲ್ಕು. ಕೆಲಸಕ್ಕೆ ಬಾರದ ಜೋಡಿ. ಬೇರೆ ಯಾರೇ ಆಗಲಿ ಮುಚ್ಚುತ್ತಿದ್ದರು. ಭೂಮಿಕಾ ಮುಚ್ಚುವವಳಲ್ಲ. ಅದು ಅವಳ ಅಮ್ಮನಿಂದ ಬಂದ ಕಟ್ಟಳೆ. ಹಬ್ಬದ ದಿನ ಊಟವಾದ ಮೇಲೆ ಚಾಪೆ ಹಾಸಿಕೊಂಡು ಮನೆಮಂದಿಯೆಲ್ಲ ರಮ್ಮಿ ಆಡುವಾಗ ಆ ಅಮ್ಮ, ಅಂದರೆ ತನ್ಮಯನ ಅಜ್ಜಿ, ಆಟಿನ್ ರಾಣಿಯನ್ನು ಯಾರಿಗೂ ಕೆಳಗೆ ಹಾಕಗೊಡುತ್ತಿರಲಿಲ್ಲ. "ಮನೆ ಹೆಣ್ಮಗಳು ಕಣ್ರೋ ಅವ್ಳು, ಬೀದಿಗೆ ಬಿಡಬಾರ್ದು" ಎನ್ನುತ್ತಿತ್ತು. ಪುಟ್ಟ ತನ್ಮಯ ಅಜ್ಜಿಯ ತೊಡೆಯ ಮೇಲೆ ಕೂತು ಅದನ್ನೇ ಉರು ಹೊಡೆಯುತ್ತಿದ್ದ. ಎಂಥ ಆಟದಲ್ಲೂ ಆ ಎಲೆಯನ್ನು ಕೈಬಿಡದ ಮೂರ್ಖತನ ಇರುವುದು ಆ ಒಂದು ಮನೆಯವರಿಗೆ ಮಾತ್ರ.

ನೆಲದ ಮೇಲೆ ಒಂದು ಒಂಬತ್ತು, ಒಂದು ಏಳು, ಒಂದು ರಾಜ, ಮತ್ತೆರಡು ಸಣ್ಣ ಎಲೆ ಬಿದ್ದವು. ಒಂದಕ್ಕೂ ರಾಣಿಯ ನಂಟಿಲ್ಲ, ನಾಲ್ಕರ ನಂಟೂ ಇಲ್ಲ. ಉಳಿದವರು ಸರಿದರು, ಎದುರಿಗೆ ಛಾಯೆಯೊಂದೇ ಉಳಿಯಿತು. ಭೂಮಿಕಾ ಹಟಕ್ಕೆ ಬಿದ್ದವಳಂತೆ ಇದ್ದಬದ್ದ ಬೀಜವನ್ನೆಲ್ಲ ಒಡ್ಡಿದಳು.

ಹಸಿರು ಉಂಗುರ ಕರಗತೊಡಗಿತು. ಕರಗಿ ಕರಗಿ ಗೆರೆಯಷ್ಟು ಉಳಿಯಿತು. ಛಾಯೆ ಎಲೆ ಮುಚ್ಚಿತು.

ಆಮೇಲೆ ಆ ಎಲೆಗಳು ತೆರೆದುಕೊಂಡವು. ಎರಡೂ ರಾಜ. ನೆಲದ ಮೇಲಿನದು ಸೇರಿ ಮೂರು ರಾಜ. ಅದಕ್ಕಿಂತ ದೊಡ್ಡ ಕೈ ಆ ಆಟದಲ್ಲಿ ಯಾರಿಗೂ ಬರುವಂತಿರಲಿಲ್ಲ.

'ಅಯ್ಯೋ, ಮಷೀನು ಕೆಟ್ಟದ' ಎಂದು ಮುದುಕ ಬರೆದರು. 'ಗೀಜಗ ಸತ್ರೂ ಹಿಂಗ ಆಡಂಗಿಲ್ಲ' ಎಂದು ಇನ್ನೊಬ್ಬರು. ಭೂಮಿಕಾಳಿಗೆ ಅಕ್ಷರಗಳು ಮಂಜಾಗಿ ಕಂಡವು. ಅಷ್ಟರಲ್ಲಿ ಫೋನು ಬಂತು.

"ನೋಡಿದ್ರಾ ಆಂಟಿ? ಅದೇ ಆಟಗಾರರು! ಇವತ್ತು ಪರದೆ ಮೇಲೆ ಹೆಸರೂ ಕಾಣ್ತು." ನೇಸರ ಉಸಿರು ಬಿಡದೆ ಹೇಳಿದಳು. "ಈಗ ಹಳೇ ಆಟಗಳಲ್ಲಿ ಹುಡುಕಿಸ್ದೆ. ನನ್ನ ತಪ್ಪಲ್ಲ. ನಿಮ್ಮ ಮಗ ಬದುಕಿದ್ದಾಗ್ಲೂ ಹಂಗೇ ಮಾಡಿದ್ದಾರೆ. ಅದೂ ಯಾವಾಗ್ಲೂ ಅಲ್ಲ. ಆ ನಿಂಬೆಹುಳಿ ಅನ್ನೋರು ಹಟಕ್ಕೆ ಬಿದ್ದು ಒಡ್ಡಿ, ಅವ್ರ ಕೈಯಲ್ಲಿ ಆಟಿನ್ ರಾಣಿ ಇದೆ ಅಂತ ಇವ್ರಿಗೆ ಅನುಮಾನ ಬಂದ್ರೆ ಸಾಕು, ಮುಚ್ಚಿಬಿಡ್ತಾರೆ. ಆ ಎಲೇನ ಸೋಲಿಸಿದ್ದೇ ಇಲ್ಲ. ಯಾಕಿರಬಹುದು?"

ಭೂಮಿಕಾಳಿಗೆ ಅಕ್ಕಿರೊಟ್ಟಿಯ ಬೆಳಗುಗಳೆಲ್ಲ ಸಾಲಾಗಿ ನೆನಪಾದವು. ಅವಳು ಗೆದ್ದೇ ಇರಲಿಲ್ಲ. ತಲೆ ತಗ್ಗಿಸಿ ತಿನ್ನುತ್ತಿದ್ದ ಕಳ್ಳ, ನಗು ತಡೆದುಕೊಳ್ಳುತ್ತಿದ್ದನೋ ಏನೋ. ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಅಮ್ಮಾ ಎನ್ನಲಿಲ್ಲ. ಇವಳೂ ಕಂದಾ ಎನ್ನಲಿಲ್ಲ. ಇಷ್ಟು ದಿನ ಯಾವ ಹೆಂಗಸಿನ ಮೇಲೆ ಹೊಟ್ಟೆ ಉರಿದುಕೊಂಡಳೋ ಆ ಹೆಂಗಸು ಅವಳೇ ಆಗಿದ್ದಳು.

"ಅದು ನಾನು," ಎಂದಳು ಕೊನೆಗೆ. "ನಿಂಬೆಹುಳಿ ಅಂದ್ರೆ ನಾನೇ ಕಣಮ್ಮ."

"ಹಂಗಿದ್ರೆ ಇದು ತೊಂದ್ರೆ ಅಲ್ಲ ಆಂಟಿ," ಎಂದಳು ನೇಸರ, ದನಿ ತಗ್ಗಿಸಿ. "ಹಾಗೇ ಇರ್ಲಿ."

"ಬೇಡ, ತೆಗ್ದುಬಿಡಿ."

"ತೆಗೀಬೇಕಾ? ಯಾಕಾಂಟಿ?"

"ಒಪ್ಪಿಗೆ ಕೊಡ್ತೀನಿ. ಆಡ್ಲಿ, ದಿನಾ ಆಡ್ಲಿ. ಅವ್ರೆಲ್ಲ ಅವನನ್ನ ಇಷ್ಟಪಟ್ಟೋರೇ, ನಂಗೇನು ಕಣ್ಣಿಲ್ವಾ? ಅವ್ರ ಜತೆ ಹೆಂಗಿದ್ನೋ ಹಂಗೇ ಇರ್ಲಿ. ಇದೊಂದನ್ನ ಮಾತ್ರ ಕೊಡಲ್ಲ. ಅವ್ನು ಅಮ್ಮಂಗೆ ಬಿಟ್ಕೊಟ್ಟಿದ್ದನ್ನ ಅವರೆಲ್ಲ ಕೂತು ನೋಡ್ತಾ, ಅಯ್ಯೋ ಪಾಪ ಅಂತ ಬರೀತಾ... ಉಹೂಂ. ಅದು ನಂದು."

"ತೆಗೆದ್ರೆ ಛಾಯೆ ನಿಮ್ಮನ್ನ ಗುರುತು ಹಿಡಿಯಲ್ಲ. ಎಲ್ಲರ ಥರ ನಿಮ್ಮನ್ನೂ ಸೋಲ್ಸತ್ತೆ."

"ಸೋಲಿಸ್ಲಿ. ಒಂದ್ಸಲನಾದ್ರೂ ನ್ಯಾಯವಾಗಿ ಆಡ್ಲಿ ಬಡ್ಡಿಮಗ," ಎಂದು ಭೂಮಿಕಾ ಅಳುತ್ತ ನಕ್ಕಳು.

ಭೂಮಿಕಾ ಹೇಳಿದಂತೆಯೇ ನೇಸರ ಮಾಡಿದಳು. ಅಂದಿನಿಂದ ಅವಳ ಪ್ರಯೋಗಾಲಯದಲ್ಲಿ ಒಂದು ಹೊಸ ರೂಢಿ ಬಂತು. ಬದುಕಿರುವಾಗಲೇ ತಮ್ಮ ಛಾಯೆ ಮಾಡಿಸಿಡಲು ಬರುವವರ ಜಾಡನ್ನು ಶೋಧಿಸಿ, "ನೀವು ಇವರೊಬ್ಬರಿಗೆ ಬೇಕೆಂದೇ ಸೋಲ್ತಿದೀರ. ಅವರಿಗೆ ಹೇಳಿದೀರಾ?" ಎಂದು ಅವಳು ಕೇಳುತ್ತಾಳೆ. ಬಹಳ ಜನ ನಗುತ್ತಾರೆ, ಮಾತು ಮರೆಸುತ್ತಾರೆ. "ಆಮೇಲೆ ಹೇಳಿದ್ರಾಯ್ತು ಬಿಡಿ" ಎನ್ನುತ್ತಾರೆ. ಅದನ್ನು ಹೇಳುವುದಕ್ಕೆ ಯಂತ್ರವೇನೂ ಬೇಕಿರಲಿಲ್ಲ ಎಂಬುದು ಅವರಿಗೂ ಗೊತ್ತಿರುತ್ತದೆ.

ಮುಂದಿನ ಭಾನುವಾರ ಭೂಮಿಕಾ ಜಗಲಿಯಲ್ಲಿ ಕೂತಳು. ರಾಣಿ ಬರುವ ತನಕ ಕಾದಳು. ಬಂತು. ಇದ್ದುದನ್ನೆಲ್ಲ ಒಡ್ಡಿದಳು. ಗೀಜಗ ಒಂದು ಗಳಿಗೆಯೂ ತಡೆಯದೆ ಎದುರು ಒಡ್ಡಿ, ಒಂದು ಜೋಡಿ ಒಂಬತ್ತು ತೋರಿಸಿ, ಆಟಿನ್ ರಾಣಿಯನ್ನೂ ಬೀಜವನ್ನೂ ಬಾಚಿಕೊಂಡ. ಜಗಲಿಯವರು ಹೋ ಎಂದರು.

ಭೂಮಿಕಾ ಪರದೆ ಮುಚ್ಚಿ ಎದ್ದು, ಗೋಡೆಯ ಹತ್ತಿರ ಹೋಗಿ, ಬೆರಳ ಗೆಣ್ಣಿನಿಂದ ತಟ್ಟಿದಳು.

"ಲೋ ತನ್ಮಯಾ, ಗೊತ್ತಾಯ್ತು ಕಣೋ," ಎಂದಳು.

ನಡುಮನೆಯಲ್ಲಿ ಪೇಪರು ಓದುತ್ತಿದ್ದ ಲಿಖಿತ್ ತಲೆಯೆತ್ತಿದ. ಗೋಡೆಯಾಚೆ ಕುರ್ಚಿ ಕಿರುಗುಟ್ಟಲಿಲ್ಲ.